ಹಳೆಯ ಪಿಕಪ್‌ನ ಡ್ಯಾಶ್ ಬಾಕ್ಸ್ ಬೀಗ ಕಚ್ಚಿಕೊಂಡಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನ ಬಿ.ಎಚ್. ರಸ್ತೆ ಬದಿಯ ಸಣ್ಣ ಗ್ಯಾರೇಜೊಂದರಲ್ಲಿ ನನ್ನ ದಿನ ಕಳೆಯುತ್ತದೆ. ಬರುವ ಗಾಡಿಗಳಲ್ಲಿ ಹೆಚ್ಚಿನವು ಕೊಬ್ಬರಿ, ಕಾಯಿ, ಹಿಂಡಿ ಹೊತ್ತು ಹತ್ತು ಹದಿನೈದು ವರ್ಷ ದುಡಿದ ಪಿಕಪ್‌ಗಳು. ಕ್ಲಚ್ ಕೆಲಸಕ್ಕೆ ಬಂದವರು ಹೊರಡುವ ಹೊತ್ತಿಗೆ, ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನಲ್ಲಿರುವ, ಕಾಗದಪತ್ರ ಇಡುವ ಬಾಕ್ಸ್ ತೋರಿಸಿ "ಹಾಗೇ ಈ ಬಾಕ್ಸೂ ಒಂದ್ಸಲ ನೋಡ್ಬಿಡಿ" ಅನ್ನುತ್ತಾರೆ. ಅಷ್ಟರಲ್ಲಿ ಮುಚ್ಚಳದ ಅಂಚಿನಲ್ಲಿ ಸ್ಕ್ರೂಡ್ರೈವರ್ ಗಾಯ ಬಿದ್ದಾಗಿರುತ್ತದೆ. ಆ ಗಾಯ ಬೀಳುವುದಕ್ಕೆ ಮೊದಲು ಓದಲಿ ಎಂದು, ಎದುರು ನಿಂತು ಕೇಳಿದವರ, ಫೋನ್ ಮಾಡಿದವರ, ಬರೆದು ಕೇಳಿದವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ.

## ಕೈ ಹಾಕುವ ಮುನ್ನ

ಬಾಕ್ಸ್ ತೆಗೆಯೋಕೇ ಆಗ್ತಿಲ್ಲ. ಬೀಗ ಹೋಯ್ತು ಅಂತಲೇ ಅರ್ಥನಾ?

ಅಲ್ಲ. ನಾನು ಕಂಡ ಮಟ್ಟಿಗೆ ಬೀಗ ನಿಜಕ್ಕೂ ಕೆಟ್ಟಿರುವುದು ಕಡಿಮೆ, ಬೀಗದ ಮೇಲೆ ಭಾರ ಕೂತಿರುವುದೇ ಹೆಚ್ಚು. ಬಾಕ್ಸಿನೊಳಗೆ ಪುಸ್ತಕ, ಬಿಲ್ಲು, ಸ್ಪ್ಯಾನರ್, ಒರೆಸುವ ಬಟ್ಟೆ ಎಲ್ಲವನ್ನೂ ತುರುಕಿ ಮುಚ್ಚಳ ಒತ್ತಿರುತ್ತೀರಿ. ಒಳಗಿನ ಸಾಮಾನು ಮುಚ್ಚಳವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಆಗ ಬೀಗದ ನಾಲಿಗೆಯು ಡ್ಯಾಶಿನ ಮೇಲಂಚಿನ ಕೊಂಡಿಗೆ ಬಿಗಿಯಾಗಿ ಒರಗಿಕೊಂಡು ಅಲುಗಾಡುವುದಿಲ್ಲ. ಗಾಡಿ ಹಳೆಯದಾದಂತೆ ಮುಚ್ಚಳದ ಕೀಲು ಸವೆದು ಒಂದು ಪಕ್ಕ ಜೋಲುವುದರಿಂದಲೂ ಇದೇ ಆಗುತ್ತದೆ.

ಹಾಗಾಗಿ ಮೊದಲ ಕೆಲಸ ಇಷ್ಟು: ಎಡಗೈ ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿಯಿರಿ, ಬಲಗೈಯಲ್ಲಿ ಕೀ ತಿರುಗಿಸಿ. ಆಗಲಿಲ್ಲವೇ, ಮುಚ್ಚಳವನ್ನು ಮೇಲಕ್ಕೆತ್ತಿ ಒತ್ತಿ, ಆಮೇಲೆ ಎಡಕ್ಕೆ, ಬಲಕ್ಕೆ. ಬಾಕ್ಸ್ ತೆಗೆಯಲು ಬಂದು ಹತ್ತೇ ನಿಮಿಷದಲ್ಲಿ, ಕಾಸು ಕೊಡದೆ ವಾಪಸ್ ಹೋದವರೆಲ್ಲ ಇದೊಂದರಿಂದಲೇ ಹೋದವರು.

ನನ್ನ ಬೀಗದ ತೊಂದರೆ ಯಾವ ಜಾತಿಯದು ಅಂತ ಹೇಗೆ ಗೊತ್ತಾಗುತ್ತೆ?

ಮೂರು ಸಂಗತಿ ಗಮನಿಸಿ. ಕೀ ಪೂರ್ತಿ ಒಳಗೆ ಹೋಗುತ್ತದೆಯೇ? ಹೋಗದಿದ್ದರೆ ತೂತಿನಲ್ಲಿ ಕಸ ಇದೆ, ಇಲ್ಲವೇ ಕೀ ಬೇರೆಯದು. ಹೋಗಿಯೂ ತಿರುಗುವುದಿಲ್ಲವೇ? ಕೀ ಸವೆದಿದೆ, ಒಳಗಿನ ತಗಡುಗಳು ಅಂಟಿಕೊಂಡಿವೆ, ಅಥವಾ ಮೇಲೆ ಹೇಳಿದ ಭಾರ. ತಿರುಗುತ್ತದೆ, ಆದರೆ ಮುಚ್ಚಳ ಬರುವುದಿಲ್ಲವೇ? ಬೀಗದ ಮುಂಭಾಗ ಸರಿಯಾಗಿಯೇ ಇದೆ, ಹಿಂದಿನ ನಾಲಿಗೆ ಸಡಿಲವಾಗಿದೆ ಅಥವಾ ಮುರಿದಿದೆ. ಒಂದರ ಔಷಧ ಇನ್ನೊಂದಕ್ಕೆ ಹಿಡಿಯುವುದಿಲ್ಲ. ನಾಲಿಗೆ ಮುರಿದ ಬೀಗಕ್ಕೆ ಡಬ್ಬಗಟ್ಟಲೆ ಎಣ್ಣೆ ಹೊಡೆದವರನ್ನು ನೋಡಿದ್ದೇನೆ. ಬಾಕ್ಸ್ ತೆರೆದಾಗ ಒಳಗಿದ್ದ ಕಾಗದವೆಲ್ಲ ಬೋಂಡಾ ಕಟ್ಟಿದ ಪೇಪರ್‌ನಂತೆ ಆಗಿತ್ತು.

ಅಷ್ಟು ಚಿಕ್ಕ ಬೀಗದ ಒಳಗೆ ಅಂಥದ್ದೇನಿರುತ್ತೆ?

ಹೊರಗೆ ಒಂದು ಗೂಡು, ಅದರೊಳಗೆ ತಿರುಗುವ ಒಂದು ಸಿಲಿಂಡರ್. ಸಿಲಿಂಡರಿನ ಅಡ್ಡಕ್ಕೆ ಸಾಲಾಗಿ ತೆಳು ಹಿತ್ತಾಳೆ ತಗಡುಗಳು, ಪ್ರತಿ ತಗಡಿನ ನಡುವೆ ಒಂದು ಕಿಟಕಿ, ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಕೀ ಇಲ್ಲದಾಗ ಸ್ಪ್ರಿಂಗ್ ತಗಡನ್ನು ಹೊರಕ್ಕೆ ನೂಕಿ ಗೂಡಿನ ಒಳಮೈಯ ಸೀಳಿನಲ್ಲಿ ಸಿಕ್ಕಿಸಿರುತ್ತದೆ, ಸಿಲಿಂಡರ್ ತಿರುಗುವುದಿಲ್ಲ. ಸರಿಯಾದ ಕೀ ಕಿಟಕಿಗಳ ಮೂಲಕ ಹಾದಾಗ ಅದರ ಏರುತಗ್ಗುಗಳು ಪ್ರತಿ ತಗಡನ್ನೂ ಅದರದರ ಮಟ್ಟಕ್ಕೆ ಎಳೆಯುತ್ತವೆ. ಎಲ್ಲವೂ ಸಿಲಿಂಡರಿನ ಮೈಗೆ ಸಮವಾದರೆ ಮಾತ್ರ ತಿರುಗುತ್ತದೆ. ಒಂದೇ ಒಂದು ತಗಡು ಕೂದಲೆಳೆಯಷ್ಟು ಮೇಲೆದ್ದರೂ ಮುಗಿಯಿತು.

ಮನೆಯ ಮುಂಬಾಗಿಲ ಬೀಗದಲ್ಲಿರುವುದು ದುಂಡು ಪಿನ್ನುಗಳು. ಗಾಡಿಗಳಲ್ಲಿ, ಬೀರುಗಳಲ್ಲಿ, ಮೇಜಿನ ಡ್ರಾಗಳಲ್ಲಿ ಈ ತಗಡಿನ ಬೀಗವೇ ಹೆಚ್ಚು. ಅಗ್ಗ, ಚಿಕ್ಕ ಜಾಗದಲ್ಲಿ ಕೂರುತ್ತದೆ. ಆದರೆ ಧೂಳು ಇದರ ಪರಮ ವೈರಿ, ಮತ್ತು ನಮ್ಮ ಗಾಡಿಗಳು ಇರುವುದೇ ಧೂಳಿನಲ್ಲಿ.

ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ ಎಲ್ಲಾ ಒಳಗೇ ಸಿಕ್ಕಿಕೊಂಡಿದೆ. ದಾರೀಲಿ ಪೊಲೀಸ್ ಹಿಡಿದರೆ ಏನು ಗತಿ?

ಅವಸರಕ್ಕೆ ಬೀಗ ಒಡೆಯುವವರಲ್ಲಿ ಹೆಚ್ಚಿನವರು ಈ ಭಯಕ್ಕೇ ಒಡೆಯುವುದು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ದಾಖಲೆ ಮೂಲ ಪ್ರತಿಗೆ ಸಮ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಫೋನಿನಲ್ಲಿ ತೆಗೆದಿಟ್ಟುಕೊಂಡ ಫೋಟೊಗೆ ಆ ಬೆಲೆ ಇಲ್ಲ, ಆ್ಯಪ್ ಒಳಗೇ ತೋರಿಸಬೇಕು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷ ವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕಾದ್ದರಿಂದ ಆ ದಿನಾಂಕವನ್ನೂ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಬೀಗದ ಕೆಲಸ ಸಂಜೆ ನೆಮ್ಮದಿಯಾಗಿ ಮಾಡಬಹುದು.

ಕೀ ಮಾಡೋನು ಗಾಡಿ ನಿಮ್ಮದು ಅಂತ ಆರ್‌ಸಿ ತೋರಿಸಿ ಅಂತಾನೆ. ಆರ್‌ಸಿ ಇರೋದೇ ಬಾಕ್ಸಲ್ಲಿ!

ಕೇಳುವವನು ಒಳ್ಳೆಯ ಕೆಲಸಗಾರ, ಕೋಪ ಬೇಡ. ಫೋನಿನಲ್ಲಿರುವ ಆರ್‌ಸಿ ತೋರಿಸಿ, ಸಾಲದಿದ್ದರೆ ತೆರೆದ ಕೂಡಲೇ ಒಳಗಿನದನ್ನೂ ತೋರಿಸುತ್ತೇನೆ ಎನ್ನಿ. ಏನೂ ಕೇಳದೆ ಬೀಗ ಬಿಚ್ಚಿಕೊಡುವವನು ನಾಳೆ ನಿಮ್ಮ ಗಾಡಿಯದನ್ನು ಇನ್ನೊಬ್ಬನಿಗೂ ಬಿಚ್ಚಿಕೊಡುತ್ತಾನೆ.

## ಕೀ ಹೋಗದು, ತಿರುಗದು

ಅಣ್ಣಾ, ಕೀ ಪೂರ್ತಿ ಒಳಗೆ ಹೋಗುತ್ತೆ, ಆದ್ರೆ ತಿರುಗಲ್ಲ. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸ್ಲಾ?

ಬೇಡ. ಎರಡು ಬೆರಳಿಗೆ ಬಗ್ಗದ ಬೀಗ ಪ್ಲೇಯರಿಗೆ ಬಗ್ಗುವುದಿಲ್ಲ. ಬಗ್ಗುವುದು ಕೀ. ಹಳೆಯ ಕೀಗಳು ತಿರುಚಿ ತಿರುಚಿ ಕುತ್ತಿಗೆಯ ಬಳಿ ಬಿರುಕು ಬಿಟ್ಟಿರುತ್ತವೆ, ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತದೆ.

ಹೀಗೆ ಮಾಡಿ. ಕೀಯನ್ನು ಬಟ್ಟೆಯಲ್ಲಿ ಒರೆಸಿ, ಹಲ್ಲುಗಳ ಸಂದಿನ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಪೂರ್ತಿ ಒಳಗೆ ಹಾಕಿ, ಆಮೇಲೆ ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಕಡಿಮೆ ಹೊರಗೆಳೆದು ಮೆಲ್ಲಗೆ ತಿರುಗಿಸಿ. ಸವೆದ ಕೀಯ ಹಲ್ಲಿನ ತುದಿ ತನ್ನ ತಗಡಿನ ನೇರಕ್ಕೆ ಬರದೆ ಸ್ವಲ್ಪ ಆಚೀಚೆ ನಿಲ್ಲುತ್ತದೆ. ಈ ಚೂರು ಎಳೆತ ಎಷ್ಟೋ ಸಲ ಅದನ್ನು ಸರಿದೂಗಿಸುತ್ತದೆ. ಆಗದಿದ್ದರೆ ಕೀಗೆ ತಿರುಗುವ ಕಡೆ ತೀರಾ ಹಗುರ ಒತ್ತಡ ಕೊಟ್ಟು ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಬೀಗದ ಮುಖಕ್ಕೆ ಟಕಟಕ ತಟ್ಟಿ. ಜೋರಾಗಿ ಹೊಡೆಯಬೇಡಿ, ಬಾಗಿಲು ತಟ್ಟಿದಷ್ಟು ಸಾಕು. ಆ ಅದುರಿಗೆ ಅಂಟಿಕೊಂಡ ತಗಡು ಬಿಟ್ಟುಕೊಳ್ಳುತ್ತದೆ. ನಡುನಡುವೆ ಒತ್ತಡ ಪೂರ್ತಿ ಸಡಿಲಿಸಿ ಮತ್ತೆ ಹಿಡಿಯಬೇಕು. ಬಿಗಿಯಾಗಿ ತಿರುವಿಯೇ ಹಿಡಿದಿದ್ದರೆ ತಗಡು ಗೂಡಿನ ಅಂಚಿಗೆ ಕಚ್ಚಿಕೊಳ್ಳುತ್ತದೆ, ಎಷ್ಟು ತಟ್ಟಿದರೂ ಅಲ್ಲಾಡುವುದಿಲ್ಲ.

ನೆನ್ನೆವರೆಗೂ ಸರಿ ಇತ್ತು. ಈಗ ಕೀ ಅರ್ಧಕ್ಕೇ ನಿಲ್ತಿದೆ. ಯಾಕೆ?

ನೀವು ಕೇಳುತ್ತಿರುವುದು ಆಯುಧ ಪೂಜೆಯ ನಂತರವೇ? ನಗಬೇಡಿ. ಪ್ರತಿ ವರ್ಷ ಹಬ್ಬದ ಮಾರನೇ ವಾರ ನನಗೆ ಇದೇ ಕೆಲಸ. ಸ್ಟೇರಿಂಗು, ಡ್ಯಾಶು, ಬೀಗ ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ ಹಚ್ಚುತ್ತೀರಿ. ನೀರಲ್ಲಿ ಕಲಸಿದ ಗಂಧ ಬೀಗದ ತೂತಿಗೆ ಇಳಿದು ಒಣಗಿದರೆ ಸಿಮೆಂಟಿನಂತೆ ಕೂರುತ್ತದೆ. ಒಮ್ಮೆ ಒಂದು ಬೀಗದಿಂದ ಅರ್ಧ ಇಂಚು ಊದುಬತ್ತಿ ಕಡ್ಡಿ ತೆಗೆದೆ. ತೂತು ಕಂಡಲ್ಲಿ ಸಿಕ್ಕಿಸಿಬಿಟ್ಟಿದ್ದರು.

ಸೂಜಿಯಿಂದ ಕೆರೆದು ಒಳಕ್ಕೆ ತಳ್ಳಬೇಡಿ. ಬೀಗದ ತೂತು ಕೆಳಮುಖವಾಗಿಲ್ಲವಾದ್ದರಿಂದ ಕಸ ತಾನಾಗಿ ಉದುರುವುದಿಲ್ಲ, ಎಳೆದೇ ತೆಗೆಯಬೇಕು. ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ತೂತಿಗೆ ಓರೆಯಾಗಿ ಹಿಡಿದು ಊದಿಸಿ, ಕಣ್ಣಿಗೆ ಕನ್ನಡಕ ಇರಲಿ. ಒಣಗಿದ ಅರಿಶಿನ, ಗಂಧಕ್ಕೆ ಸ್ಪ್ರೇ ಕ್ಲೀನರ್ ಎರಡು ಸಲ ಹೊಡೆದು, ಕೀ ಹಾಕಿ ತೆಗೆದು, ಪ್ರತಿ ಸಲವೂ ಕೀ ಒರೆಸಿ. ಹತ್ತು ಹದಿನೈದು ಸಲ ಮಾಡಿದ ಮೇಲೆ ಕೀ ಬಣ್ಣವಿಲ್ಲದೆ ಬಂದರೆ ತೂತು ಶುದ್ಧ. ಮುಂದಿನ ಹಬ್ಬಕ್ಕೆ ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಅದರ ಮೇಲೆ ಕುಂಕುಮ ಇಡಿ. ದೇವರಿಗೆ ಬೇಜಾರಿಲ್ಲ.

ನಮ್ಮೂರಲ್ಲಿ ಕೊಬ್ಬರಿ ಎಣ್ಣೆಗೇನು ಬರವಾ? ಒಂದೆರಡು ಹನಿ ಬಿಟ್ಟಿದ್ದೀನಿ. ಸಾಕಲ್ವಾ?

ಕೊಬ್ಬರಿ ಊರಿನವನಾಗಿ ಹೇಳುತ್ತೇನೆ, ಅದು ತಲೆಗೆ ಮತ್ತು ಒಗ್ಗರಣೆಗೆ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ ಅದು. ಡಿಸೆಂಬರ್ ಬೆಳಿಗ್ಗೆ ನಿಮ್ಮ ಸ್ನಾನದ ಮನೆಯ ಬಾಟಲಿ ಹೇಗಿರುತ್ತದೋ ಬೀಗದ ಒಳಗೂ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಕರಗಿ ಧೂಳು ಹಿಡಿದು ಅಂಟಾಗುತ್ತದೆ. ಗ್ರೀಸ್ ಇನ್ನೂ ಕೆಟ್ಟದ್ದು, ಎಂಜಿನ್ ಆಯಿಲ್ ಅದರ ತಮ್ಮ.

ಬೀಗ ಬಿಡಿಸಲು ಡಬ್ಲ್ಯುಡಿ-40 ಥರದ ಸ್ಪ್ರೇ ಒಳ್ಳೆಯದು. 1953ರಲ್ಲಿ ಅಮೆರಿಕದಲ್ಲಿ ತೇವ ಓಡಿಸಲೆಂದು ಮಾಡಿದ್ದು, ನಲವತ್ತನೇ ಪ್ರಯತ್ನಕ್ಕೆ ಸರಿಬಂದಿದ್ದರಿಂದ ಆ ಅಂಕಿ. ಅದು ಕೊಳೆ ಕರಗಿಸುತ್ತದೆ, ತುಕ್ಕು ಸಡಿಲಿಸುತ್ತದೆ. ಆದರೆ ಬಹುಪಾಲು ಆರಿಹೋಗುವುದರಿಂದ ಬಹುಕಾಲ ಜಾರಿಕೆ ಕೊಡುವುದಿಲ್ಲ. ಬೀಗ ಬಿಟ್ಟ ಮೇಲೆ ಒಣಗಲು ಬಿಟ್ಟು, ಗ್ರಾಫೈಟ್ ಪುಡಿ ಹಾಕಿ. ಅದು ಸಿಗದಿದ್ದರೆ ಚಿತ್ರ ಬಿಡಿಸುವ 6ಬಿ ಅಥವಾ 8ಬಿ ಪೆನ್ಸಿಲ್ ತನ್ನಿ. ಮೆದು ಪೆನ್ಸಿಲಿನಲ್ಲಿ ಜೇಡಿ ಕಡಿಮೆ, ಗ್ರಾಫೈಟ್ ಹೆಚ್ಚು. ಕೀಯ ಎರಡೂ ಮೈಗೆ, ಹಲ್ಲಿಗೆ ಕಪ್ಪಗೆ ಉಜ್ಜಿ ಒಳಗೆ ಹೊರಗೆ ಹತ್ತು ಸಲ ಆಡಿಸಿ. ಒಂದು ಎಚ್ಚರಿಕೆ: ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಇಗ್ನಿಷನ್ ಬೀಗಕ್ಕೆ ಪುಡಿ ಸುರಿಯಬೇಡಿ. ಪೆಟ್ರೋಲ್, ಥಿನ್ನರ್‌ಗಳನ್ನಂತೂ ಡ್ಯಾಶಿನ ಹತ್ತಿರ ತರಬೇಡಿ. ಪ್ಲಾಸ್ಟಿಕ್ ಬೆಳ್ಳಗಾಗಿ ಸುಲಿಯುತ್ತದೆ, ಬೆಂಕಿಯ ಭಯ ಬೇರೆ.

ಡೂಪ್ಲಿಕೇಟ್ ಕೀ ಹೊಸದು, ಹೊಳೀತಿದೆ. ಅದೂ ತಿರುಗ್ತಿಲ್ಲ ಯಾಕೆ?

ಹೊಸ ತಗಡಿಗೆ ಹಳೆ ರೋಗ ಕೊರೆದಿದ್ದಾರೆ, ಅಷ್ಟೇ. ಕೀ ಕತ್ತರಿಸುವ ಮೆಷಿನ್ ನೀವು ಕೊಟ್ಟ ಕೀಯನ್ನು ಇದ್ದಂತೆ ನಕಲು ಮಾಡುತ್ತದೆ, ಸವೆತವನ್ನೂ ಸೇರಿಸಿ. ನಕಲಿನ ನಕಲು, ಅದರ ನಕಲು ಮಾಡುತ್ತ ಹೋದಂತೆ ತಪ್ಪು ಕೂಡುತ್ತ ಹೋಗುತ್ತದೆ. ಗಾಡಿ ಕೊಂಡಾಗ ಬಂದ ಎರಡನೇ ಕೀ ಎಲ್ಲಾದರೂ ಬೀರುವಿನಲ್ಲಿ ಬಳಸದೆ ಬಿದ್ದಿದ್ದರೆ ಅದೇ ಚಿನ್ನ, ಅದರಿಂದ ಮಾಡಿಸಿ. ಇಲ್ಲವಾದರೆ ಹಳೆಯ ಕೀಯ ತಲೆಯ ಮೇಲೆ, ಅಥವಾ ಕೀ ಜೊತೆ ಬಂದ ಸಣ್ಣ ಬಿಲ್ಲೆಯ ಮೇಲೆ ಕೊರೆದ ಅಂಕಿ ಇದೆಯೇ ನೋಡಿ. ಆ ಅಂಕಿಯಿಂದ ಮೂಲ ಅಳತೆಗೇ ಕೀ ಕತ್ತರಿಸುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ.

ಇದೇ ಕೀಲಿ ಗಾಡಿ ಸ್ಟಾರ್ಟ್ ಆಗುತ್ತೆ, ಬಾಗಿಲೂ ತೆಗೆಯುತ್ತೆ. ಬಾಕ್ಸ್ ಮಾತ್ರ ಮುನಿಸಿಕೊಂಡಿದೆ.

ಎರಡು ಸಾಧ್ಯತೆ. ಹಳೆಯ ಗಾಡಿ ಕೈ ಬದಲಾಯಿಸುವಾಗ ಯಾರೋ ಇಗ್ನಿಷನ್ ಮತ್ತು ಬಾಗಿಲ ಬೀಗದ ಸೆಟ್ ಬದಲಿಸಿ, ಬಾಕ್ಸಿನದನ್ನು ಹಾಗೇ ಬಿಟ್ಟಿರಬಹುದು. ಆಗ ಬಾಕ್ಸಿನ ಕೀ ಹಿಂದಿನ ಮಾಲೀಕರ ಮನೆಯ ಮೊಳೆಗೆ ತೂಗಾಡುತ್ತಿರುತ್ತದೆ, ಒಂದು ಫೋನ್ ಮಾಡಿ ಕೇಳಿ. ಇಲ್ಲವೇ, ದಿನಕ್ಕೆ ಇಪ್ಪತ್ತು ಸಲ ತಿರುಗುವ ಇಗ್ನಿಷನ್ ಬೀಗದ ತಗಡುಗಳು ಕೀ ಜೊತೆಗೇ ಸವೆದು ಅದಕ್ಕೆ ಒಗ್ಗಿಹೋಗಿವೆ. ಅಪರೂಪಕ್ಕೆ ತೆರೆಯುವ ಬಾಕ್ಸಿನ ಬೀಗ ಇನ್ನೂ ಹೊಸದರಂತೆ ಬಿಗಿಯಾಗಿದ್ದು ಸವೆದ ಕೀಯನ್ನು ಒಪ್ಪುತ್ತಿಲ್ಲ. ಗಂಡ ಹೆಂಡತಿ ಜೊತೆಗೇ ಮುದುಕರಾದಂತೆ ಮೊದಲಿನವು, ಇದು ಊರಿಂದ ಬಂದ ನೆಂಟ.

ಕೀ ಒಳಗೇ ಮುರಿದುಹೋಯ್ತು. ಫೆವಿಕ್ವಿಕ್ ಹಚ್ಚಿ ಎಳೆದರೆ ಬರುತ್ತಂತೆ?

ಬರುವುದಿಲ್ಲ, ಬೀಗವೇ ಅಂಟಿಹೋಗುತ್ತದೆ. ಮೊದಲು ತೂತು ಕೀ ಹಾಕುವ ಮೂಲ ನಿಲುವಿನಲ್ಲಿದೆಯೇ ನೋಡಿ. ಸ್ವಲ್ಪ ತಿರುಗಿದ ಸ್ಥಿತಿಯಲ್ಲಿ ಮುರಿದಿದ್ದರೆ ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಸಿಲಿಂಡರನ್ನು ವಾಪಸ್ ತಿರುಗಿಸಿ. ಅಲ್ಲಿಯವರೆಗೆ ತುಂಡು ಬರುವುದಿಲ್ಲ. ಆಮೇಲೆ ಮರ ಕೊರೆಯುವ ಅತಿ ತೆಳು ಗರಗಸದ ಬ್ಲೇಡಿನ ತುಂಡನ್ನು, ಹಲ್ಲು ನಿಮ್ಮ ಕಡೆ ಬಾಗಿರುವಂತೆ, ಕೀ ತುಂಡಿನ ಪಕ್ಕದಲ್ಲಿ ತೂರಿಸಿ, ಹಲ್ಲಿಗೆ ಸಿಕ್ಕಿಸಿ ಎಳೆಯಿರಿ. ಚೂರು ಸ್ಪ್ರೇ ಹೊಡೆದಿದ್ದರೆ ಸುಲಭ. ಎರಡೂ ತುಂಡನ್ನು ಎಸೆಯದೆ ಕೀ ಮಾಡುವವನಿಗೆ ಕೊಡಿ. ಜೋಡಿಸಿ ಹಿಡಿದು ಹೊಸದು ಕತ್ತರಿಸುತ್ತಾನೆ.

## ತಿರುಗುತ್ತದೆ, ಬಾಕ್ಸ್ ಬರದು

ಚಾವಿ ಗರಗರ ತಿರಗತೈತಿ, ಆದ್ರ ಬಾಕ್ಸ್ ತಗೀವಲ್ದು. ಏನಾಗಿರಬೇಕ್ರಿ?

ಬೀಗದ ಬೆನ್ನಿಗೆ ಇರುವ ನಾಲಿಗೆಯ ನಟ್ಟು ಸಡಿಲಾಗೈತ್ರಿ, ಇಲ್ಲ ನಾಲಿಗೆಯೇ ಮುರಿದೈತಿ. ಕೆಟ್ಟ ರಸ್ತೆಯ ಅದುರಿಗೆ ಆ ನಟ್ಟು ವರ್ಷಗಟ್ಟಲೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಕೀ ಸುತ್ತಿದಾಗ ಒಳಗೆ ಲೊಟಲೊಟ ಸದ್ದು ಬಂದರೆ ನಾಲಿಗೆ ಇನ್ನೂ ತೂಗಾಡುತ್ತಿದೆ ಎಂದರ್ಥ, ಆಸೆ ಇದೆ. ಮುಚ್ಚಳವನ್ನು ಒಳಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದು, ಕೀಯನ್ನು ತೆರೆಯುವ ದಿಕ್ಕಿಗೆ ಇಟ್ಟು, ಬೀಗದ ಪಕ್ಕ ಅಂಗೈಯಿಂದ ಪಟಪಟ ಬಡಿಯಿರಿ. ಭಾರ ತಪ್ಪಿದ ನಾಲಿಗೆ ತನ್ನ ತೂಕಕ್ಕೇ ಕೆಳಕ್ಕೆ ಜಾರುವುದುಂಟು. ಸದ್ದೇ ಇಲ್ಲದೆ ಕೀ ಸುಮ್ಮನೆ ಸುತ್ತಿದರೆ ನಾಲಿಗೆ ಬೇರೆಯಾಗಿಯೇ ನಿಂತಿದೆ. ಕೀ ಬಿಟ್ಟು ಬೇರೆ ದಾರಿ ಹುಡುಕಬೇಕು.

ಎಟಿಎಂ ಕಾರ್ಡ್ ತೂರಿಸಿದರೆ ತೆಗೆಯಬಹುದು ಅಂತಾರಲ್ಲ?

ಇಳಿಜಾರು ಮೂತಿಯ, ಸ್ಪ್ರಿಂಗಿನಿಂದ ಒಳಹೋಗುವ ನಾಲಿಗೆ ಇದ್ದರೆ ಆಗುತ್ತದೆ. ಅಂದರೆ ಮುಚ್ಚಳವನ್ನು ಸುಮ್ಮನೆ ತಳ್ಳಿದರೆ ಟಕ್ ಎಂದು ಮುಚ್ಚಿಕೊಳ್ಳುವಂಥದ್ದು. ಕೀ ತಿರುಗಿಸಿದಾಗ ಮಾತ್ರ ಕೊಂಡಿಯ ಹಿಂದೆ ಹೋಗಿ ನಿಲ್ಲುವ ಚಪ್ಪಟೆ ಪಟ್ಟಿಯಾದರೆ ಯಾವ ಕಾರ್ಡೂ ನಡೆಯದು. ಕಾರ್ಡಂತೂ ನಿಮ್ಮ ಬ್ಯಾಂಕಿನದು ಬೇಡ. ಮುಗಿದುಹೋದ ಯಾವುದಾದರೂ ಪ್ಲಾಸ್ಟಿಕ್ ಕಾರ್ಡು, ಇಲ್ಲವೇ ಪುಟ್ಟಿ ಹಚ್ಚುವ ತೆಳು ಪ್ಲಾಸ್ಟಿಕ್ ಪಟ್ಟಿ ಬಳಸಿ. ಕಬ್ಬಿಣದ ಪಟ್ಟಿಯಾದರೆ ಅಂಚಿಗೆ ಟೇಪ್ ಸುತ್ತಿ. ನಾಲಿಗೆಯ ಮೇಲೆ ನೇರವಾಗಿ ಒತ್ತುವಾಗ ಜೊತೆಗಿರುವವರು ಮುಚ್ಚಳವನ್ನು ಒಳಕ್ಕೆ ತಳ್ಳಿ ಹಿಡಿದಿರಲಿ. ಎಳೆಯುತ್ತ ಇದ್ದರೆ ಪಟ್ಟಿಯೇ ಸಿಕ್ಕಿಕೊಳ್ಳುತ್ತದೆ.

ಮಧ್ಯಾಹ್ನ ಆಗಲ್ಲ, ಬೆಳಿಗ್ಗೆ ಸಲೀಸಾಗಿ ತೆಗೆಯುತ್ತೆ. ದೆವ್ವನಾ?

ಬಿಸಿಲು. ಗಾಜು ಏರಿಸಿ ನಿಲ್ಲಿಸಿದ ಕ್ಯಾಬಿನ್ ಒಳಗೆ ಡ್ಯಾಶ್ ಕೈ ಇಡಲಾಗದಷ್ಟು ಕಾಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕೇಳುವುದೇ ಬೇಡ. ಪ್ಲಾಸ್ಟಿಕ್ ಮುಚ್ಚಳ ಹಿಗ್ಗಿ ನಾಲಿಗೆಗೆ ಒರಗುತ್ತದೆ. ನೆರಳಿಗೆ ನಿಲ್ಲಿಸಿ, ಒದ್ದೆ ಬಟ್ಟೆ ಹಾಸಿ ಅರ್ಧ ಗಂಟೆ ಬಿಡಿ.

ಬೀಗ ಮುಟ್ಟದೆ ಬಾಕ್ಸ್ ತೆಗೆಯೋ ದಾರಿ ಇಲ್ವಾ?

ಇದೆ, ನನಗೆ ಬಹಳ ಇಷ್ಟದ ದಾರಿ ಇದೇ. ಬಾಗಿಲಿಗೆ ಬೀಗ ಒಂದು ಕಡೆ, ಕೀಲು ಇನ್ನೊಂದು ಕಡೆ ಅಲ್ಲವೇ? ಕ್ಲೀನರ್ ಕೂರುವ ಕಡೆ ಕಾಲಿಡುವ ಜಾಗದಲ್ಲಿ ಮಲಗಿ, ಫೋನಿನ ಟಾರ್ಚ್ ಹಿಡಿದು ಡ್ಯಾಶಿನ ಕೆಳಭಾಗ ನೋಡಿ. ಎಷ್ಟೋ ಹಳೆಯ ಪಿಕಪ್‌ಗಳಲ್ಲಿ ಮುಚ್ಚಳದ ಕೀಲು ಕೆಳ ಅಂಚಿನಲ್ಲಿದ್ದು ಅದರ ಸ್ಕ್ರೂಗಳು ಕೆಳಗಿನಿಂದ ಕಾಣುತ್ತವೆ. ಕೆಲವದರಲ್ಲಿ ಎರಡು ತುದಿಯಲ್ಲಿ ಪಿನ್ನು. ಧೂಳು ತುಂಬಿದ ಸ್ಕ್ರೂ ತಲೆಯನ್ನು ಮೊದಲು ಕೆರೆದು ಶುದ್ಧಮಾಡಿ, ಅಳತೆಗೆ ಸರಿಯಾದ ಸ್ಟಾರ್ ಸ್ಕ್ರೂಡ್ರೈವರ್ ಒತ್ತಿ ಹಿಡಿದು ಬಿಚ್ಚಿ. ಸಣ್ಣ ತುದಿ ಹಾಕಿದರೆ ತಲೆ ಜಾರಿ ದುಂಡಗಾಗುತ್ತದೆ, ಆಮೇಲೆ ನನ್ನ ಹತ್ತಿರವೇ ಬರಬೇಕು. ಕೀಲು ಕಳಚಿದ ಮೇಲೆ ಮುಚ್ಚಳದ ಕೆಳ ಅಂಚನ್ನು ಮುಂದಕ್ಕೆ ಎಳೆದು ಕೆಳಕ್ಕೆ ಜಗ್ಗಿದರೆ ನಾಲಿಗೆ ತಾನಾಗಿ ಕೊಂಡಿಯಿಂದ ಬಿಡುತ್ತದೆ.

ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳನ್ನು ಬಾಟಲಿ ಮುಚ್ಚಳದಲ್ಲಿ ಹಾಕಿಡಿ, ಸೀಟಿನ ಮೇಲಿಟ್ಟರೆ ಸಂಜೆಯೊಳಗೆ ಒಂದು ಕಾಣೆಯಾಗಿರುತ್ತದೆ.

## ಕೊನೆಯ ದಾರಿಗಳು

ಏನೂ ಆಗ್ಲಿಲ್ಲ. ಡ್ರಿಲ್ ಹಾಕಿಬಿಡ್ಲಾ?

ಕೀಲಿನ ದಾರಿಯೂ ಮುಚ್ಚಿದ್ದರೆ ಹಾಕಿ. ಬೀಗ ಸಾಯುತ್ತದೆ, ಮುಚ್ಚಳ ಉಳಿಯುತ್ತದೆ. ಮುಚ್ಚಳ ಒಡೆಯುವುದಕ್ಕಿಂತ ಇದು ಎಷ್ಟೋ ಮೇಲು. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ, ಡ್ಯಾಶಿನ ಹಿಂದೆ ವೈರಿನ ಕಾಡಿದೆ. ಬೀಗದ ಸುತ್ತ ಟೇಪ್ ಅಂಟಿಸಿ. 3 ಮಿ.ಮೀ. ಬಿಟ್ ಹಾಕಿ, ಕೀ ತೂತಿನ ನೇರಕ್ಕೇ ನಿಧಾನವಾಗಿ ಕೊರೆಯಿರಿ, ಆಮೇಲೆ 6 ಮಿ.ಮೀ. ಬಿಟ್. ಬಿಟ್‌ಗೆ ಒಂದಿಂಚಿನ ಗುರುತಿಗೆ ಟೇಪ್ ಸುತ್ತಿ, ಅದಕ್ಕಿಂತ ಆಳ ಹೋಗಬೇಡಿ. ಆಚೆ ನಿಮ್ಮ ಆರ್‌ಸಿ ಕೂತಿದೆ. ಸಿಲಿಂಡರ್ ಮೆದು ಲೋಹ, ತಗಡು ಹಿತ್ತಾಳೆ, ಬೇಗ ಪುಡಿಯಾಗುತ್ತವೆ. ಎಲ್ಲ ತಗಡೂ ಹೋದ ಮೇಲೆ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಸಿಲಿಂಡರ್ ತಿರುಗಿಸಿ.

ಡ್ಯಾಶ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದೆ. ಆದ್ರೂ ಬಿಚ್ಚಬಹುದಾ?

ಎಡಗಡೆ ಡ್ಯಾಶಿನ ಮೇಲೆ ಏರ್‌ಬ್ಯಾಗ್ ಎಂದೋ ಎಸ್‌ಆರ್‌ಎಸ್ ಎಂದೋ ಅಚ್ಚಾಗಿದ್ದರೆ ಅಲ್ಲಿ ಸುತ್ತಿಗೆ, ಡ್ರಿಲ್ ಎರಡೂ ಬೇಡ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ.

ಮಾರಾಯ್ರೆ, ನಮ್ಮದು ಬಾಡಿಯ ಅಡಿಯ ಕಬ್ಬಿಣದ ಟೂಲ್ ಬಾಕ್ಸ್. ಬೀಗ ತುಕ್ಕು ಹಿಡಿದು ಕಲ್ಲಾಗಿದೆ. ಗ್ರೈಂಡರ್ ಹಿಡಿಯಬಹುದಾ?

ಕರಾವಳಿಯವರ ಪ್ರಶ್ನೆ. ಮೀನಿನ ಲೋಡು, ಉಪ್ಪು ನೀರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹೊರಗೆ ಹಾಕಿದ ತೂಗುಬೀಗದ ಸತುವಿನ ಮೈ ಬಿಳಿ ಪುಡಿಯಾಗಿ, ಕಬ್ಬಿಣದ ಕೊಂಡಿ ಕೆಂಪಾಗಿ ಎರಡೂ ಉಬ್ಬಿ ಕಚ್ಚಿಕೊಂಡಿರುತ್ತವೆ. ಗ್ರೈಂಡರ್ ಮುಟ್ಟುವ ಮೊದಲು ಬಗ್ಗಿ ನೋಡಿ: ಆ ಬಾಕ್ಸಿನ ಪಕ್ಕದಲ್ಲೇ ಡೀಸೆಲ್ ಟ್ಯಾಂಕೋ ಬ್ಯಾಟರಿಯೋ ಇರುವುದು ಸಾಮಾನ್ಯ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಕಿಡಿ ಹಾರಿಸುವ ಯಾವ ಮೆಷಿನ್ನೂ ಅಲ್ಲಿ ಬೇಡ.

ತುಕ್ಕು ಬಿಡಿಸುವ ಸ್ಪ್ರೇಯನ್ನು ಕೀ ತೂತಿಗೂ ಕೊಂಡಿ ಒಳಹೋಗುವ ಎರಡೂ ತೂತಿಗೂ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೊಂಡಿಯನ್ನು ಬೀಗದ ಒಳಕ್ಕೆ ತಳ್ಳಿ ತಟ್ಟಿ. ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಹೀಗೆ ಎರಡು ದಿನ ಮಾಡಿಯೂ ಬಿಡದಿದ್ದರೆ ಕೈಯಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ಯಿರಿ. ಬೀಗದ ಗಟ್ಟಿ ಕೊಂಡಿಯನ್ನಲ್ಲ, ಬಾಕ್ಸಿಗೆ ಬೆಸೆದ ಅಗಳಿಯನ್ನು. ಅದು ಮೆದು ಕಬ್ಬಿಣ, ಬೇಗ ತುಂಡಾಗುತ್ತದೆ, ಆಮೇಲೆ ಟ್ಯಾಂಕ್ ದೂರ ಮಾಡಿ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದು ಹಾಕಿಸಬಹುದು.

ಹೊಸ ಬೀಗ ಎಲ್ಲಿ ಸಿಗುತ್ತೆ? ಈ ಮಾಡೆಲ್ ನಿಂತೇ ಹೋಗಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಅಲ್ಲಿಲ್ಲದಿದ್ದರೆ ಶಿವಾಜಿನಗರದ ಗುಜರಿ. ಗುಜರಿಯಿಂದ ತರುವುದಾದರೆ ಕೀ ಸಮೇತ ಇರುವ ಬೀಗವನ್ನೇ ಆರಿಸಿ, ಅಲ್ಲೇ ನಾಲ್ಕು ಸಲ ತಿರುಗಿಸಿ ನೋಡಿ. ಎರಡೂ ಸಿಗದಿದ್ದರೆ ಬೀರುಗಳಿಗೆ ಹಾಕುವ ಸಾಮಾನ್ಯ ಕ್ಯಾಮ್ ಲಾಕ್ ಹಾರ್ಡ್‌ವೇರ್ ಅಂಗಡಿಯಲ್ಲಿ 16, 20, 25, 30 ಮಿ.ಮೀ. ಉದ್ದದಲ್ಲಿ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ತೂತಿನ ಅಗಲ, ನಾಲಿಗೆಯ ಉದ್ದ, ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ, ಮೂರೂ ಹೊಂದಬೇಕು. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿಸಿ, ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಮತ್ತೆ ಸಡಿಲ. ಹಳೆಯ ಬೀಗವನ್ನೇ ನಿಮ್ಮ ಇಗ್ನಿಷನ್ ಕೀಗೆ ಹೊಂದುವಂತೆ ತಗಡುಗಳನ್ನು ಅದಲು ಬದಲು ಮಾಡಿಕೊಡುವ ನುರಿತ ಕೈಗಳೂ ಇವೆ. ತಾಳ್ಮೆಯ ಕೆಲಸ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ರಾತ್ರಿ ಯಾರೋ ಬಾಕ್ಸ್ ಒಡೆಯೋಕೆ ನೋಡಿದ್ದಾರೆ. ಇನ್ಶೂರೆನ್ಸ್ ಸಿಗುತ್ತಾ?

ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಇಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಕಳ್ಳತನದ ಪ್ರಯತ್ನದಿಂದ ಗಾಡಿಗಾದ ಹಾನಿ ಅದರಡಿ ಬರುತ್ತದೆ. ಮುಟ್ಟದೆ ಫೋಟೊ ತೆಗೆದು, ಪೊಲೀಸ್ ದೂರು ಕೊಟ್ಟು, ಕಂಪನಿಗೆ ತಿಳಿಸಿ, ಆಮೇಲಷ್ಟೇ ರಿಪೇರಿ. ಸವೆದು ಕೆಟ್ಟ ಬೀಗಕ್ಕೆ ಯಾವ ಪಾಲಿಸಿಯೂ ಕಾಸು ಕೊಡುವುದಿಲ್ಲ.

ಇದು ನಮ್ಮ ತಂದೆಯ ಗಾಡಿ. ಅವರು ಹೋದ ಮೇಲೆ ಶೆಡ್ಡಲ್ಲೇ ನಿಂತಿತ್ತು. ಬಾಕ್ಸಲ್ಲಿ ಏನಿದೆಯೋ ಗೊತ್ತಿಲ್ಲ, ಏನೂ ಹಾಳಾಗದ ಹಾಗೆ ತೆಗೆಯಬೇಕು.

ಇದಕ್ಕೆ ಒಂದು ವಾರ ಇಟ್ಟುಕೊಳ್ಳಿ. ಸ್ಪ್ರೇಯನ್ನು ತೂತಿಗೆ ನೇರ ಹೊಡೆಯದೆ ಕೀಗೆ ಹೊಡೆದು, ಆ ಕೀಯನ್ನು ಒಳಗೆ ಬಿಡಿ. ಒಳಗಿನ ಕಾಗದಕ್ಕೆ ಹನಿ ಇಳಿಯಬಾರದು. ದಿನಕ್ಕೆರಡು ಸಲ ಹಾಕಿ ತೆಗೆಯಿರಿ, ತಿರುಗಿಸುವ ಆಸೆ ಮೂರು ದಿನ ಬೇಡ. ನಾಲ್ಕನೇ ದಿನ ಮುಚ್ಚಳ ಒತ್ತಿ ಹಿಡಿದು ತಿರುಗಿಸಿ ನೋಡಿ. ಆಗದಿದ್ದರೆ ಡ್ರಿಲ್ ಬಿಟ್ಟು ಕೀಲಿನ ದಾರಿಗೇ ಹೋಗಿ.

ಮುಚ್ಚಳ ಬಿಟ್ಟಾಗ ಒಮ್ಮೆಲೇ ಎಳೆಯಬೇಡಿ. ಬಿಸಿಲು ಮಳೆ ಕಂಡ ಕಾಗದ, ಪ್ಲಾಸ್ಟಿಕ್ ಕವರುಗಳು ಮುಚ್ಚಳದ ಒಳಮೈಗೆ ಅಂಟಿರುತ್ತವೆ. ಎರಡು ಬೆರಳಗಲ ತೆರೆದು, ಟಾರ್ಚ್ ಬಿಟ್ಟು, ಕೈ ಒಳಗೆ ಹಾಕಿ ಒಂದೊಂದಾಗಿ ಬಿಡಿಸಿ. ಹೀಗೆ ಬಂದ ಒಂದು ಗಾಡಿಯಲ್ಲಿ ನನಗೆ ಸಿಕ್ಕಿದ್ದು ಒಂದು 13ರ ಸ್ಪ್ಯಾನರು, ಬೀಡಿ ಕಟ್ಟು, ದಪ್ಪ ಗಾಜಿನ ಕನ್ನಡಕ ಮತ್ತು ರಬ್ಬರ್ ಬ್ಯಾಂಡ್ ಹಾಕಿದ ಲೋಡಿನ ಲೆಕ್ಕದ ಚೀಟಿಗಳು. ಸ್ಪ್ಯಾನರು ಅಡ್ಡ ಬಿದ್ದು ನಾಲಿಗೆಗೆ ಒರಗಿತ್ತು, ಬೀಗಕ್ಕೆ ಏನೂ ಆಗಿರಲಿಲ್ಲ. ಚೀಟಿಗಳು ಒಂದಕ್ಕೊಂದು ಅಂಟಿದ್ದವು. ಅಂಥವನ್ನು ಅಲ್ಲೇ ಬಿಡಿಸಲು ಹೋಗದೆ, ಇದ್ದ ಕಟ್ಟನ್ನು ಹಾಗೇ ನೆರಳಲ್ಲಿ ಹಳೆಯ ಪೇಪರಿನ ಮೇಲೆ ಎರಡು ದಿನ ಒಣಗಲು ಇಡಿ. ರಬ್ಬರ್ ಬ್ಯಾಂಡ್ ಕರಗಿ ಅಂಟಿದ್ದರೆ ಅದನ್ನು ಕತ್ತರಿಯಿಂದ ಕತ್ತರಿಸಿ, ಎಳೆಯಬೇಡಿ.